ಹಂದಿಗೆ ಯಾವ ಬಂದೂಕು?

ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮದುವೆ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ, ಬಹುಕಾಲದ ಪರಿಚಯದ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ‘ಸಾಹೇಬ್ರ, ನೀವು ಬಂದೂಕಿನ ಲೈಸೆನ್ಸ್ ಕಾಗದ ನೋಡಿದೋರು. ಹಂದಿಗೆ ಯಾವ ಬಂದೂಕು ಬರೋಬ್ಬರಿ ಅಕ್ಕೈತ್ರಿ? ಹನ್ನೆರಡು ಬೋರ್ ಸಾಕೋ, ರೈಫಲ್ಲೇ ಬೇಕೋ?’ ಎಂದು ಕೇಳಿದರು. ‘ವಿಚಾರಿಸಿ ಹೇಳುತ್ತೇನೆ’ ಎಂದೆ. ನಿವೃತ್ತಿಯಾಗಿ ವರ್ಷಗಳು ಕಳೆದರೂ ಸರ್ಕಾರಿ ನೌಕರನ ನಾಲಿಗೆಯಿಂದ ಈ ಮಾತು ಅಳಿಯುವುದಿಲ್ಲ. ರಾಯಚೂರಿಗೆ ಹಿಂದಿರುಗುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇದೇ ಪ್ರಶ್ನೆಗೆ ಮೂರು ದಶಕಗಳ ಹಿಂದೆ ನಾನು ಕಾಗದದ ಮೇಲೆ ಉತ್ತರ ಬರೆದಿದ್ದೆ. ಆ ಉತ್ತರ ತಪ್ಪಾಗಿತ್ತು.

ಯಾವ ಪ್ರಾಣಿಗೆ ಯಾವ ಕ್ಯಾಲಿಬರ್ ಎಂಬ ಚರ್ಚೆ ಹಳೆಯ ಶಿಕಾರಿ ಸಾಹೇಬರ ಕಾಲಕ್ಕೇ ಮುಗಿಯಿತೆಂದು ನಗರದ ಓದುಗರು ಭಾವಿಸಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರವೂ ಕೆಲಕಾಲ ಪರವಾನಗಿಯ ಮೇಲೆ ಬೇಟೆ ಸಾಧ್ಯವಿತ್ತು. 1991ರ ತಿದ್ದುಪಡಿ ಅದನ್ನೂ ಕೊನೆಗಾಣಿಸಿತು. ವಿನೋದದ ಬೇಟೆ ನಿಂತದ್ದು ಒಳ್ಳೆಯದೇ ಆಯಿತು. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಭತ್ತ ಬೆಳೆಯುವ ಮಾನ್ವಿಯ ರೈತನಿಗೂ, ದೇವದುರ್ಗದ ಕಡೆ ಶೇಂಗಾ, ತೊಗರಿ, ಜೋಳ ಬಿತ್ತುವವನಿಗೂ ಅದು ಈ ಹಂಗಾಮಿನ ಪ್ರಶ್ನೆ. ಕಾಲುವೆಗಳು ನೀರು ತಂದವು. ಕಾಲುವೆ, ಹಳ್ಳಗಳ ಬದಿಯಲ್ಲಿ ಬಳ್ಳಾರಿ ಜಾಲಿ ಪೊದೆಗಟ್ಟಿತು. ಹಗಲು ಅಡಗಲು ಮುಳ್ಳಿನ ಮರೆ, ಇರುಳು ಮೇಯಲು ಗದ್ದೆ, ಪಕ್ಕದಲ್ಲೇ ನೀರು. ಕಾಡುಹಂದಿಗೆ ಇದಕ್ಕಿಂತ ಅನುಕೂಲದ ನೆಲ ಬೇರೊಂದಿಲ್ಲ.

ಬಂದೂಕಿನ ಲೆಕ್ಕ ಸ್ವಲ್ಪ ವಿಚಿತ್ರ. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಎರಕ ಹೊಯ್ದರೆ ಒಂದು ಗುಂಡಿನ ಅಡ್ಡಗಲ ಎಷ್ಟೋ, 12 ಬೋರ್ ಕೋವಿಯ ನಳಿಕೆಯ ಒಳಗಲ ಅಷ್ಟು, ಅಂದರೆ ಸುಮಾರು ಹದಿನೆಂಟೂವರೆ ಮಿಲಿಮೀಟರ್. ಹೀಗಾಗಿ ಬೋರ್ ಸಂಖ್ಯೆ ಹೆಚ್ಚಿದಂತೆ ನಳಿಕೆ ಕಿರಿದಾಗುತ್ತದೆ. ರೈಫಲ್‌ನ ಅಳತೆ ಮಾತ್ರ ಇಂಚಿನ ಭಾಗಗಳಲ್ಲಿ: .315 ಎಂದರೆ ಎಂಟು ಮಿಲಿಮೀಟರ್. ಕೋವಿಯ ನಳಿಕೆ ಒಳಗೆ ನುಣುಪು; ರೈಫಲ್‌ನದರಲ್ಲಿ ತಿರುಪಿನಂತೆ ಸುತ್ತುವ ಗೀರುಗಳಿದ್ದು, ಅವು ಗುಂಡನ್ನು ಗಿರ್ರನೆ ತಿರುಗಿಸಿ ನೇರವಾಗಿ ಕಳಿಸುತ್ತವೆ. ಗುಂಡಿನ ತೂಕ ಇಮ್ಮಡಿಯಾದರೆ ಅದರ ಶಕ್ತಿ ಇಮ್ಮಡಿ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಕ್ಯಾಲಿಬರ್ ಕುರಿತ ವಾದಗಳೆಲ್ಲ ಬಹುಮಟ್ಟಿಗೆ ಈ ಗಣಿತದ ಸುತ್ತಲೇ ಸುತ್ತುತ್ತವೆ.

ಬೇಟೆಗಾರರಲ್ಲಿ ಇದರ ಬಗ್ಗೆ ಎಂದೂ ಒಮ್ಮತವಿರಲಿಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ನಮ್ಮ ಕಾಡುಗಳಲ್ಲಿ ಹೊತ್ತು ತಿರುಗಿದ್ದು .405 ವಿಂಚೆಸ್ಟರ್. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕಾಗಿ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ದೊರೆತದ್ದು .275 ರಿಗ್ಬಿ, ಅಂದರೆ ಕೇವಲ ಏಳು ಮಿಲಿಮೀಟರ್. ಅದೇ ಅಳತೆಯ ರೈಫಲ್‌ನಿಂದ ಬೆಲ್ ಎಂಬ ಸ್ಕಾಟ್ಲೆಂಡಿನವನು ಆಫ್ರಿಕಾದಲ್ಲಿ ನೂರಾರು ಆನೆಗಳನ್ನು ಕೊಂದ. ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು, ಮಿದುಳು ನಿಖರವಾಗಿ ಎಲ್ಲಿದೆ ಎಂದು ಆತ ಅಭ್ಯಾಸ ಮಾಡಿದ್ದ. ಕೊಂದದ್ದರ ಬಗ್ಗೆ ನನಗೆ ಮೆಚ್ಚುಗೆಯಿಲ್ಲ. ಅಭ್ಯಾಸದ ಬಗ್ಗೆ ಇದೆ. ಆದರೆ ಬೆಲ್‌ನ ಕೈ ಎಲ್ಲರಿಗೂ ಇರುವುದಿಲ್ಲವಲ್ಲ. ಆದ್ದರಿಂದಲೇ ಆಫ್ರಿಕಾದ ಹಲವು ದೇಶಗಳು ಅಪಾಯಕಾರಿ ಪ್ರಾಣಿಗಳಿಗೆ .375ಕ್ಕಿಂತ ಸಣ್ಣ ಕ್ಯಾಲಿಬರ್ ಬಳಸಬಾರದೆಂದು ಕನಿಷ್ಠ ಮಿತಿ ಹಾಕಿದವು. ಆ ನಿಯಮದ ಕೇಂದ್ರದಲ್ಲಿ ಇರುವುದು ಪ್ರಾಣಿ: ಗಾಯಗೊಂಡು ನರಳುತ್ತ ಓಡದೆ, ಬಿದ್ದಲ್ಲೇ ಅದು ಸಾಯಬೇಕು.

ನಮ್ಮ ದೇಶದಲ್ಲಿಯೂ ಕ್ಯಾಲಿಬರನ್ನು ಸರ್ಕಾರವೇ ನಿರ್ಧರಿಸಿತು. ಆದರೆ ಅದರ ಕಣ್ಣು ಪ್ರಾಣಿಯ ಮೇಲಿರಲಿಲ್ಲ, ಪ್ರಜೆಯ ಮೇಲಿತ್ತು. 1857ರಲ್ಲಿ ಆಯುಧ ಒಪ್ಪಿಸಿರೆಂಬ ಆಜ್ಞೆಗೆ ಹಲಗಲಿಯ ಬೇಡರು ತಿರುಗಿಬಿದ್ದದ್ದು ಕನ್ನಡಿಗರೆಲ್ಲರಿಗೂ ಗೊತ್ತಿರುವ ಕಥೆ. ಆ ಭಯ ಬ್ರಿಟಿಷರನ್ನು ಕೊನೆಯವರೆಗೂ ಬಿಡಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು .450 ಕ್ಯಾಲಿಬರಿನ ರೈಫಲ್‌ಗಳನ್ನು ಭಾರತಕ್ಕೆ ತರುವುದನ್ನು ನಿಷೇಧಿಸಿದರು. ಸೈನ್ಯದ ಹಳೆಯ ಮಾರ್ಟಿನಿ–ಹೆನ್ರಿ ಬಂದೂಕಿಗೆ ಅದೇ ಅಳತೆಯ ಗುಂಡು ಸಿಕ್ಕೀತು ಎಂಬುದು ಅದಕ್ಕೆ ಕಾರಣ. ಇಂಗ್ಲೆಂಡಿನ ತಯಾರಕರು ಕಾನೂನಿನಿಂದ ನುಣುಚಿಕೊಳ್ಳಲು .465, .470 ಎಂಬ ಹೊಸ ಅಳತೆಗಳನ್ನು ಹುಟ್ಟಿಸಿದರು. ಸೈನ್ಯದ .303 ಕೂಡ ನಾಗರಿಕರಿಗೆ ನಿಷಿದ್ಧ. ಆದಕಾರಣ ಸೈನ್ಯದ ತೋಟಾ ಹೊಂದದ .315 ಚಾಲ್ತಿಗೆ ಬಂತು; ಸ್ವತಂತ್ರ ಭಾರತದ ಸರ್ಕಾರಿ ಕಾರ್ಖಾನೆಗಳೂ ಅದನ್ನೇ ಮುಂದುವರಿಸಿದವು. ಅಂದರೆ ಇಂದು ರೈತನೊಬ್ಬ ರೈಫಲ್ ಕೇಳಿದರೆ ಅವನ ಮುಂದೆ ಬರುವ ಅಳತೆಯ ಹಿಂದೆ ಹಂದಿಯ ಚರ್ಮದ ದಪ್ಪದ ಲೆಕ್ಕವಿಲ್ಲ; ದಂಗೆಯ ಭೀತಿಯಿದೆ.

ಬೆಳೆ ರಕ್ಷಣೆಯ ವಿಷಯದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಅದರ 13ನೇ ಸೆಕ್ಷನ್ ಬೆಳೆ ಕಾಯುವವನಿಗೆ ಮೊದಲು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಕೆಯ ಕೋವಿ ಕೊಡಬಹುದು. 1520ರಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಬಂದೂಕುಧಾರಿಗಳು ನಮ್ಮ ರಾಯಚೂರು ಕೋಟೆಯ ಮೇಲಿನ ಕಾವಲುಗಾರರನ್ನು ಕೆಡವಿದ್ದನ್ನು ನ್ಯೂನಿಜ್ ದಾಖಲಿಸಿದ್ದಾನೆ. ಅವರ ಕೈಯಲ್ಲಿದ್ದದ್ದೂ ಬಾಯಿಯಿಂದ ಮದ್ದು ತುಂಬುವ ಬಂದೂಕೇ. ಐದು ನೂರು ವರ್ಷಗಳ ನಂತರ ಅದೇ ಊರಿನ ರೈತನಿಗೆ ಕಾನೂನು ಶಿಫಾರಸು ಮಾಡುವುದು ಅದೇ ಜಾತಿಯ ಆಯುಧವನ್ನು. ಒಂದು ಸಲ ಸಿಡಿಸಿದ ಮೇಲೆ ಮತ್ತೆ ಮದ್ದು ಸುರಿದು, ಗಜದಿಂದ ಜಡಿದು, ಕೇಪು ಏರಿಸುವಷ್ಟರಲ್ಲಿ ಹಂದಿ ಎಲ್ಲಿರುತ್ತದೋ, ಹೊಡೆದವನು ಎಲ್ಲಿರುತ್ತಾನೋ.

1990ರ ದಶಕದಲ್ಲಿ ನಾನು ಈ ಸೀಮೆಯ ಕಂದಾಯ ಕಚೇರಿಯೊಂದರಲ್ಲಿದ್ದೆ. ದೇವದುರ್ಗದ ಕಡೆಯ ಹಿಡುವಳಿದಾರರೊಬ್ಬರ ಅರ್ಜಿ ನನ್ನ ವರದಿಗಾಗಿ ಬಂದಿತ್ತು. ಆತ ಕೇಳಿದ್ದು ಆಧುನಿಕ ತೋಟಾ ಬಳಸುವ ಜೋಡು ನಳಿಗೆಯ ಕೋವಿ. ಕಾಯ್ದೆ ಓದಿದೆ, ಪಹಣಿ ನೋಡಿದೆ. ‘ಅರ್ಜಿದಾರರ ಅಗತ್ಯಕ್ಕೆ ಮದ್ದು ತುಂಬುವ ಕೋವಿ ಸಾಕಾಗುತ್ತದೆ’ ಎಂದು ಷರಾ ಬರೆದೆ. ಹೊಲ ನೋಡಲು ಹೋಗಲಿಲ್ಲ, ಹಂದಿಯನ್ನಂತೂ ನೋಡಿರಲಿಲ್ಲ. ಬಲಿತ ಗಂಡುಹಂದಿಯ ಭುಜದ ಮೇಲೆ ಗುರಾಣಿಯಂತೆ ಗಡಸಾದ ಪದರವಿರುತ್ತದೆಂದು ನನಗೆ ತಿಳಿದದ್ದು ಬಹಳ ನಂತರ. ಆ ಮನುಷ್ಯ ಮದ್ದಿನ ಕೋವಿಯನ್ನೇ ಕೊಂಡ. ಎರಡು ವರ್ಷ ಕಳೆದ ಮೇಲೆ ಒಂದು ರಾತ್ರಿ ಹೊಡೆದ ಹಂದಿ ಗಾಯದೊಂದಿಗೆ ಜಾಲಿ ಪೊದೆ ಸೇರಿತು. ಮರುದಿನ ಬೆಳಿಗ್ಗೆ ಪಕ್ಕದ ಹೊಲಕ್ಕೆ ಕಳೆ ತೆಗೆಯಲು ಬಂದ ಕೂಲಿ ಹೆಣ್ಣುಮಗಳೊಬ್ಬಳ ಮೇಲೆ ಅದು ಎರಗಿತು. ತೊಡೆ ಸೀಳಿತ್ತು. ಜೀವ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ. ಕೋವಿ ಅವಳದಲ್ಲ, ಹೊಲ ಅವಳದಲ್ಲ, ಅರ್ಜಿಯಲ್ಲಿ ಅವಳ ಹೆಸರಿರಲಿಲ್ಲ. ಅವಳಿಗೆ ಪರಿಹಾರ ಕೊಡಿಸಲು ಕಡತ ಹಿಡಿದು ಓಡಾಡಿದಾಗ, ಇದಕ್ಕೆಲ್ಲ ಮೂಲವಾದ ಷರಾ ನನ್ನದೆಂದು ಯಾರೂ ನನಗೆ ನೆನಪಿಸಲಿಲ್ಲ. ನೆನಪಿಸುವ ಅಗತ್ಯವೂ ಇರಲಿಲ್ಲ.

ಒಬ್ಬನ ವ್ಯವಹಾರದ ವೆಚ್ಚವನ್ನು ಅದರಲ್ಲಿ ಪಾಲಿಲ್ಲದ ಇನ್ನೊಬ್ಬನು ತೆರುವುದಕ್ಕೆ ಅರ್ಥಶಾಸ್ತ್ರದಲ್ಲಿ ಬಾಹ್ಯ ಪರಿಣಾಮ ಎನ್ನುತ್ತೇವೆ. ಎಂ.ಎ. ತರಗತಿಯಲ್ಲಿ ಕಾರ್ಖಾನೆಯ ಹೊಗೆಯನ್ನು ಉದಾಹರಣೆಯಾಗಿ ಓದಿದ್ದೆ. ಸಾಲದ ಬಂದೂಕು ಅದಕ್ಕಿಂತ ಸ್ಪಷ್ಟವಾದ ಉದಾಹರಣೆ. ಸತ್ತ ಹಂದಿಯ ಲಾಭ ಹೊಲದವನಿಗೆ. ಗಾಯಗೊಂಡ ಹಂದಿಯ ನಷ್ಟ ನಸುಕಿನಲ್ಲಿ ಹೊಲಕ್ಕೆ ಬರುವ ಕೂಲಿಯವರಿಗೆ, ಕುರಿಗಾಹಿಗೆ.

ಹಾಗಾದರೆ ಪ್ರತಿ ರೈತನಿಗೂ .315 ರೈಫಲ್ ಕೊಡೋಣವೇ? ನನ್ನ ಉತ್ತರ, ಬೇಡ. ಇಲ್ಲಿ ಹಳೆಯ ಕಾಯ್ದೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಕೃಷ್ಣಾ–ತುಂಗಭದ್ರೆಯರ ನಡುವಿನ ನಮ್ಮ ದೋ ಆಬ್ ಬಹುಪಾಲು ಬಯಲು. ರೈಫಲ್‌ನ ಗುಂಡು ಗುರಿ ತಪ್ಪಿದರೆ ಮೈಲಿಯಾಚೆಗೂ ಹೋಗಬಲ್ಲದು. ಅದನ್ನು ತಡೆಯಲು ಮಾನ್ವಿಯ ಗದ್ದೆಯ ಹಿಂದೆ ಗುಡ್ಡವಿಲ್ಲ. ಹತ್ತಿ ಹೊಲದಾಚೆ ಹಟ್ಟಿಯಿದೆ, ರಸ್ತೆಯಿದೆ, ರಾತ್ರಿ ನೀರು ಹಾಯಿಸುವವರಿದ್ದಾರೆ. ದೇವದುರ್ಗದ ಕಲ್ಲುಗುಡ್ಡಗಳ ಬಳಿ ಹಿನ್ನೆಲೆಯಿದ್ದರೂ ಬಂಡೆಗೆ ಬಡಿದ ಗುಂಡು ಎತ್ತ ಸಿಡಿಯುವುದೋ ಹೇಳಲಾಗದು. ಇಂಥಲ್ಲಿ ನಲವತ್ತು ಗಜದೊಳಗಿನಿಂದ, ಒಂಟಿ ದಪ್ಪ ಗುಂಡಿನ ತೋಟಾ ತುಂಬಿದ 12 ಬೋರ್ ಹೆಚ್ಚು ವಿವೇಕದ ಆಯ್ಕೆ. ಹಕ್ಕಿ ಹೊಡೆಯುವ ಸಣ್ಣ ಚರೆಗಳಿಂದ ಹಂದಿಯನ್ನು ಹೊಡೆಯುವುದು ಮಾತ್ರ ಅಪರಾಧಕ್ಕೆ ಸಮ. ರೈಫಲ್ ಬೇಕೇ ಆದರೆ ಅದು ಅಟ್ಟಣೆಯ ಮೇಲಿನಿಂದ, ಗುಂಡು ನೆಲಕ್ಕೆ ಇಳಿಯುವಂತೆ, ಪಳಗಿದ ಕೈಯಿಂದ ಹಾರಬೇಕು. ರೈತನ ಕೈ ಪಳಗುವುದು ಹೇಗೆ? 2016ರ ಶಸ್ತ್ರಾಸ್ತ್ರ ನಿಯಮಗಳು ತರಬೇತಿಯ ಮಾತನ್ನಾಡುತ್ತವೆ, ಸರಿ. ಆದರೆ ಎಣಿಸಿ ಕೊಡುವ ತೋಟಾಗಳಲ್ಲಿ ಅಭ್ಯಾಸಕ್ಕೆ ಉಳಿಯುವುದೆಷ್ಟು?

ಬಂದೂಕಿದ್ದರೂ ಹೊಡೆಯಲು ಅನುಮತಿ ಬೇರೆ ಬೇಕು. ಪರವಾನಗಿ ಕೊಡುವುದು ಜಿಲ್ಲಾಡಳಿತ, ಕೊಲ್ಲಲು ಒಪ್ಪಿಗೆ ಕೊಡಬೇಕಾದದ್ದು ಅರಣ್ಯ ಇಲಾಖೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯವಾದರೆ 11ನೇ ಸೆಕ್ಷನ್ ಪ್ರಕಾರ ಕೊಲ್ಲಲು ಲಿಖಿತ ಅನುಮತಿ ಕೊಡಬಹುದು. ಕೃಷ್ಣಮೃಗ, ನಮ್ಮ ಭಾಷೆಯ ಚಿಗರಿ, ಮೊದಲ ಅನುಸೂಚಿಯಲ್ಲಿದೆ. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಮುಟ್ಟುವಂತಿಲ್ಲ. ಆಗಲಿ, ಅದು ಉಳಿಯಲಿ; ಅದರ ಮೇವಿನ ಖರ್ಚನ್ನು ಸಮಾಜವೇ ಹೊರಲಿ, ಶೇಂಗಾದ ಮೊಳಕೆ ಕಳೆದುಕೊಂಡವನೊಬ್ಬನೇ ಅಲ್ಲ. ಇನ್ನು ಚುನಾವಣೆ ಘೋಷಣೆಯಾದರೆ ಕೋವಿಗಳು ಠಾಣೆ ಸೇರುತ್ತವೆ. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ಚುನಾವಣೆಗಳು ಬರುತ್ತಲೇ ಇರುತ್ತವೆ. ಹಂದಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ. ಇತ್ತ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿಯಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಅದರ ಚರಿತ್ರೆ ಬೇರೆ, ಅದನ್ನು ನಾನು ಇಲ್ಲಿ ಪ್ರಶ್ನಿಸುತ್ತಿಲ್ಲ.

ಕಾನೂನುಬದ್ಧ ದಾರಿ ಇಷ್ಟು ಸುತ್ತುಬಳಸಾದಾಗ ಜನ ಅಗ್ಗದ ದಾರಿ ಹಿಡಿಯುತ್ತಾರೆ. ಉರುಳು, ಸಿಡಿಮದ್ದಿನ ಉಂಡೆ, ಎಲ್ಲಕ್ಕಿಂತ ಹೆಚ್ಚಾಗಿ ಬೇಲಿಯ ತಂತಿಗೆ ನೇರ ಕರೆಂಟ್. ತಂತಿಗೆ ಕ್ಯಾಲಿಬರ್ ಇಲ್ಲ, ಗುರಿಯೂ ಇಲ್ಲ. ಹಂದಿಗೂ ಎತ್ತಿಗೂ ಮನುಷ್ಯನಿಗೂ ಅದಕ್ಕೆ ಭೇದವಿಲ್ಲ. ಇಂಥ ಸಾವುಗಳ ಪಂಚನಾಮೆ ನೋಡಿದವರಿಗೆ ಬಂದೂಕಿನ ಚರ್ಚೆ ಅತಿರೇಕವೆನಿಸದು.

ನನ್ನ ಅಭಿಪ್ರಾಯದಲ್ಲಿ ಹೊಲಕ್ಕೊಂದು ಬಂದೂಕಿನ ಬದಲು ತಾಲ್ಲೂಕಿಗೊಂದು ತಂಡ ಬೇಕು. ಅರಣ್ಯ ಇಲಾಖೆಯ ಮೇಲ್ವಿಚಾರಣೆಯಲ್ಲಿ, ನಿವೃತ್ತ ಯೋಧರನ್ನೂ ಸೇರಿಸಿಕೊಂಡು, ನಾಲ್ಕೈದು ಜನ ಪಳಗಿದ ಗುರಿಕಾರರು. ಸರ್ಕಾರದ್ದೇ ಆದ ಎರಡು ಮೂರು ರೈಫಲ್, ಕೋವಿಗಳು. ಅಭ್ಯಾಸಕ್ಕೆ ಸಾಕಷ್ಟು ತೋಟಾ. ನೆಲ ನೋಡಿ ಆಯುಧ ಆರಿಸುವ ಅಧಿಕಾರ. ಗಾಯಗೊಂಡ ಪ್ರಾಣಿಯನ್ನು ಬೆನ್ನಟ್ಟಿ ಮುಗಿಸುವ ಹೊಣೆ. ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಒಂದು ಹೊಲದಿಂದ ಓಡಿಸಿದ ಹಂದಿ ಮುಂದಿನ ಹೊಲಕ್ಕೇ ಹೋಗುವುದರಿಂದ ಇದು ಮೂಲತಃ ಊರೊಟ್ಟಿನ ಕೆಲಸ. ಕೇರಳ ಸರ್ಕಾರ 2022ರಲ್ಲಿ ಕಾಡುಹಂದಿ ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿತು. ಅನುಮತಿ ಹಳ್ಳಿಯ ಹತ್ತಿರಕ್ಕೆ ಬಂದದ್ದು ಸರಿ. ಆದರೆ ಗುಂಡು ಹಾರಿಸುವ ಕೈ ಖಾಸಗಿ ಪರವಾನಗಿದಾರನದೇ ಆದರೆ ನಾನು ಮೇಲೆ ಹೇಳಿದ ತೊಡಕು ಉಳಿದೇ ಉಳಿಯುತ್ತದೆ. ಕಾಲುವೆ ಬದಿಯ ಜಾಲಿಯನ್ನು ಕಿತ್ತರೆ ಗುಂಡುಗಳಿಗಿಂತ ಹೆಚ್ಚು ಕೆಲಸವಾದೀತು ಎನ್ನುವವರೂ ಇದ್ದಾರೆ. ನಾನು ಒಪ್ಪುತ್ತೇನೆ. ಆದರೆ ಜಾಲಿ ಕೀಳುವ ಹೊಣೆ ನೀರಾವರಿಯವರದೋ ಕಂದಾಯದವರದೋ ಅರಣ್ಯದವರದೋ ಎಂಬ ಪ್ರಶ್ನೆಗೆ ನನ್ನ ಇಡೀ ಸೇವಾವಧಿಯಲ್ಲಿ ಉತ್ತರ ಸಿಗಲಿಲ್ಲ.

ಕಳೆದ ವಾರ ಮಾನ್ವಿಯ ಆ ರೈತರಿಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದೆ. ಕೊಳ್ಳುವುದೇ ಆದರೆ 12 ಬೋರ್ ಕೊಳ್ಳಿ, ಒಂಟಿ ಗುಂಡಿನ ತೋಟಾ ಬಳಸಿ, ಎತ್ತರದಲ್ಲಿ ಕುಳಿತು ಹತ್ತಿರದಿಂದ ಹೊಡೆಯಿರಿ, ಅದಕ್ಕೂ ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ ಎಂದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ‘ಆತ್ರಿ ಸಾಹೇಬ್ರ, ಅರ್ಜಿ ಹಾಕ್ತೀನಿ. ಬಾಜೂ ಹೊಲದವರು ಮಾತ್ರ ಈಗಾಗಲೇ ತಂತಿ ಎಳದಾರ. ರಾತ್ರಿ ನೀರು ಬಿಡಾಕ ಹೋಗೋವಾಗ ಆ ಒಡ್ಡಿನ ಮ್ಯಾಲೆ ಹೋಗಬ್ಯಾಡ ಅಂತ ನನ್ನ ಮಗನಿಗೆ ಹೇಳೀನ್ರಿ’ ಎಂದರು.