ಸೂಜಿ ಹಿಡಿಯುವುದೊಂದೇ ಸೇವೆಯಲ್ಲ

1965ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಿಂದ ಹದಿಹರೆಯದ ಹುಡುಗ ಹುಡುಗಿಯರು ಹೊಂಡುರಾಸ್ ದೇಶಕ್ಕೆ ಹೋಗಿ ಪೋಲಿಯೋ ಲಸಿಕೆ ಹಾಕಿದರು. ‘ಅಮಿಗೋಸ್ ಡೆ ಲಾಸ್ ಅಮೆರಿಕಾಸ್’ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಮುಂದೆ ಅದರ ಸ್ವಯಂಸೇವಕರು ಹಳ್ಳಿಗಳಲ್ಲಿ ಪಾಯಿಖಾನೆಗಳನ್ನೂ ಕಟ್ಟಿದರು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಈ ಎರಡನೆಯ ಕೆಲಸ. ಬರಿಗಾಲಲ್ಲಿ ಮಣ್ಣಿಗಿಳಿಯುವ ರೈತನನ್ನು ಕೊಕ್ಕೆಹುಳದಿಂದ ಕಾಯುವುದು ಪಾಯಿಖಾನೆಯೇ.

ಸೂಜಿ ಹಿಡಿಯಲು ಸರಿಯಾದ ತರಬೇತಿ ಬೇಕು. ಅರೆಕಲಿತ ಕೈಗೆ ಬಡವರ ಮೈಯನ್ನು ಒಪ್ಪಿಸುವುದು ಸೇವೆಯಲ್ಲ. ಗುಂಡಿ ತೋಡುವುದು, ಕಲ್ಲು ಹೊರುವುದು ನಮ್ಮ ಮಕ್ಕಳಿಗೆ ಹೊಸತಲ್ಲ. ಪರದೇಶದಲ್ಲಿ ವೈದ್ಯಕೀಯ ಸೇವೆಗೆಂದು ಕರೆ ಬಂದಾಗ, ಹಣ ಕಟ್ಟುವ ಮೊದಲು ಹೆತ್ತವರು ಕೇಳಲಿ: ‘ಅಲ್ಲಿ ಮಕ್ಕಳಿಗೆ ಕೊಡುವ ಕೆಲಸವೇನು? ಕಲಿಸುವವರು ಯಾರು?’ ಸರಿಯಾದ ಉತ್ತರ ಸಿಕ್ಕರೆ ಧೈರ್ಯವಾಗಿ ಕಳುಹಿಸಲಿ. ಹಾರೆ ಹಿಡಿದ ಕೈಗೆ ಅಲ್ಲಿಯೂ ಕೆಲಸವಿದೆ.