ಹಾಲಕ್ಕಿ ಮತ್ತು ಕಾಡುಪಾಪ

ತಮ್ಮ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವುದಕ್ಕೆ ‘ಗೂಬೆ ಕೂರಿಸುವುದು’ ಎನ್ನುವ ಜನ ನಾವು. ಆದರೆ ಗೂಬೆಯ ಕುಲದ್ದೇ ಆದ ಪುಟ್ಟ ಹಾಲಕ್ಕಿಯ ಹೆಸರು ಹೇಳಿ ಬುಡುಬುಡಿಕೆಯವನು ಶುಭ ನುಡಿದರೆ ಮೊರದಲ್ಲಿ ಅಕ್ಕಿ ತಂದು ನೀಡುತ್ತೇವೆ! ಕಾಡುಪಾಪಕ್ಕೆ ಅಷ್ಟು ಭಾಗ್ಯವೂ ಇಲ್ಲ. ಅದರ ಕಣ್ಣು ಮಾಟಮಂತ್ರಕ್ಕೆ ಒದಗುತ್ತದೆಂದು ನಂಬಿ ಆ ಬಡಪ್ರಾಣಿಯನ್ನು ಹಿಂಸಿಸಿದವರುಂಟು.

ಒಂದು ಪಕ್ಷಿ, ಇನ್ನೊಂದು ವಾನರಗಳಿಗೂ ನಮಗೂ ದೂರದ ನಂಟಿನ ಸಸ್ತನಿ. ಆದರೂ ಇರುಳು ಎರಡಕ್ಕೂ ಒಂದೇ ಬಗೆಯ ಮುಖವನ್ನು ಕೊಟ್ಟಂತಿದೆ. ಎರಡರ ದೊಡ್ಡ ಕಣ್ಣುಗಳೂ ಮುಂದಕ್ಕೇ ನೋಡುತ್ತವೆ. ಎರಡೂ ಗೇಣುದ್ದದ ಜೀವಗಳು, ಎರಡೂ ಹುಳುಹುಪ್ಪಟೆಗಳನ್ನು ತಿನ್ನುತ್ತವೆ. ಹಾಲಕ್ಕಿಯ ಕಣ್ಣು ಗುಳಿಯಲ್ಲಿ ಹೊರಳದು. ಆದುದರಿಂದ ಕತ್ತನ್ನೇ ಹಿಂದಕ್ಕೆ ತಿರುಗಿಸುತ್ತದೆ. ಅದರ ಕತ್ತಿನಲ್ಲಿ 14 ಎಲುಬುಗಳು. ಕಾಡುಪಾಪಕ್ಕೆ ನಮ್ಮಂತೆಯೇ 7.

ಹೋಲಿಕೆ ಇಲ್ಲಿಗೆ ಮುಗಿಯಿತು. ಕಾಡುಪಾಪ ನೆಗೆಯಲಾರದು. ಇಕ್ಕಳದಂಥ ಕೈಕಾಲುಗಳಿಂದ ಮುಂದಿನ ಕೊಂಬೆಯನ್ನು ಹಿಡಿದ ಮೇಲೆಯೇ ಹಿಂದಿನದನ್ನು ಬಿಡುತ್ತದೆ. ಸಾಲುಮರಗಳಲ್ಲಿ ಒಂದನ್ನು ಉರುಳಿಸಿದರೆ ಹಾಲಕ್ಕಿ ಹಾರಿಹೋಗಿ ಹಳೆಯ ಕಟ್ಟಡದ ಸಂದಿನಲ್ಲಿ ನೆಲಸೀತು, ಬೀದಿದೀಪಕ್ಕೆ ಮುತ್ತುವ ಹುಳುಗಳನ್ನು ಹಿಡಿದು ಬದುಕೀತು. ಕಾಡುಪಾಪವೋ, ನೆಲಕ್ಕಿಳಿದು ನಾಯಿಯ ಬಾಯಿಗೆ ಬೀಳಬೇಕು, ಇಲ್ಲವೆ ಕೊಂಬೆಯೆಂದೇ ಬಗೆದು ವಿದ್ಯುತ್ ತಂತಿಯನ್ನು ಹಿಡಿಯಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎರಡಕ್ಕೂ ರಕ್ಷಣೆ ಕೊಟ್ಟಿದೆ, ನಿಜ. ಅದು ಹಿಡಿಯುವವನ ಕೈಯನ್ನು ತಡೆದೀತು. ರಸ್ತೆಯಂಚಿನಲ್ಲಿ ಬೀಸುವ ಕೊಡಲಿಗೆ ಅದರ ನೆನಪು ಎಲ್ಲಿಯದು? ಕಡಿದ ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆಂಬ ಭರವಸೆಯನ್ನು ನಾನು ಒಪ್ಪಲಾರೆ. ಊರಾಚೆ ನೆಟ್ಟ ಸಸಿ ಬೆಳೆದು ಕೊಂಬೆಗೆ ಕೊಂಬೆ ತಾಕುವವರೆಗೆ ಕಾಡುಪಾಪ ಯಾವುದನ್ನು ಹಿಡಿದು ನಿಲ್ಲಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಅಷ್ಟು ದೊಡ್ಡ ನಗರದ ನಡುವೆ, ಇವು ಉಳಿದುಬಂದಿರುವುದು ಹೆಣೆದುಕೊಂಡ ಹಳೆಯ ಮರಗಳ ದೆಸೆಯಿಂದ. ತುಮಕೂರಿನ ಕಡೆಯ ತೋಪುಗಳಲ್ಲಿಯೂ ಇವು ಉಂಟು.

ನಾವು ಕಲಾ ವಿಭಾಗದವರು, ಪ್ರಾಣಿಶಾಸ್ತ್ರ ನಮ್ಮ ಪಾಠವಲ್ಲ ಎಂದು ಮಿತ್ರರು ನಗಬಹುದು. ನಗಲಿ. ಟಾರ್ಚಿನ ಗಾಜಿಗೆ ಕೆಂಪು ಕಾಗದ ಕಟ್ಟಿಕೊಂಡು, ಸದ್ದಿಲ್ಲದೆ ಸಾಲುಮರಗಳ ಕೆಳಗೆ ನಡೆದು, ಯಾವ ಕೊಂಬೆಗಳ ನಡುವೆ ಹೊಳೆಯುವ ಕಣ್ಣುಗಳು ಕಂಡವೆಂದು ಬರೆದಿಟ್ಟುಕೊಳ್ಳಲು ಯಾವ ಪದವಿಯೂ ಬೇಕಿಲ್ಲ. ಮರಗಳಿಗೆ ಗುರುತು ಹಾಕುವ ಅಧಿಕಾರಿಗಳ ಮುಂದೆ ಆ ಪಟ್ಟಿಯನ್ನಿಟ್ಟು ಕೇಳೋಣ.