ಸೈನೋ ಕಾಸೋ ಆಮೇಲೆ, ಮೊದಲು ಗೆರೆ ಎಳೆಯಿರಿ



ಟಾರ್ಕ್, ಅಂದರೆ ಬಲದ ಭ್ರಾಮಕದ ಲೆಕ್ಕ ಬಂತು ಅಂದ್ರೆ ನಮ್ಮಲ್ಲಿ ಬಹಳ ಜನ ಕೇಳೋದು ಒಂದೇ ಮಾತು: "ಸೈನ್ ಹಾಕ್ಬೇಕೋ, ಕಾಸ್ ಹಾಕ್ಬೇಕೋ?" ಈ ಪ್ರಶ್ನೆಯನ್ನು ಮೊದಲು ಕೇಳಲೇಬಾರದು ಎಂಬುದು ನನ್ನ ಅಭಿಪ್ರಾಯ.

ಚಾಮರಾಜನಗರದ ಕರಿಕಲ್ಲು ಹೆಸರುವಾಸಿ. ಕಲ್ಲು ಕೆಲಸದವರು ಹಾರೆ ಹಾಕಿ ಬಂಡೆ ಎತ್ತುವುದನ್ನು ನೋಡಿದ್ದೀರಲ್ಲ? ಆಧಾರಕ್ಕೆ ಒಂದು ಸಣ್ಣ ಕಲ್ಲನ್ನು ಬಂಡೆಯ ಹತ್ತಿರವೇ ಇಟ್ಟು, ಹಾರೆಯ ತುದಿ ಹಿಡಿದು ಕೆಳಕ್ಕೆ ಅದುಮುತ್ತಾರೆ. ಹಾರೆಯ ಉದ್ದಕ್ಕೇ ನೂಕಿದರೆ ಎಷ್ಟು ತಿಣುಕಿದರೂ ಬಂಡೆ ಮೇಲೇಳದು. ಬಲ ಒಂದೇ ಸಾಲದು, ದೂರವೂ ಬೇಕು, ದಿಕ್ಕೂ ಬೇಕು.

ಈಗ ಗುಂಡ್ಲುಪೇಟೆ ಕಡೆ ಹಳ್ಳಿಗಳಲ್ಲಿ ಕಾಣುವ ಕೈಪಂಪಿಗೆ ಬನ್ನಿ. ಇಂಡಿಯಾ ಮಾರ್ಕ್-2 ಪಂಪಿನಲ್ಲಿ ಹ್ಯಾಂಡ್ಲಿನ ಹೊರಭಾಗ ಒಳಭಾಗದ ಸುಮಾರು 8 ಪಟ್ಟು ಉದ್ದ. ಅದಕ್ಕೇ ಚಿಕ್ಕ ಹುಡುಗಿಯೂ ಆಳದ ನೀರು ಎತ್ತುತ್ತಾಳೆ. ಹ್ಯಾಂಡ್ಲು ತಿರುಗುವ ಜಾಗದಿಂದ ಕೈವರೆಗೆ 1 ಮೀಟರ್, ನೇರ ಕೆಳಕ್ಕೆ ಅದುಮುವ ಬಲ 100 ನ್ಯೂಟನ್ ಅಂತಿಟ್ಟುಕೊಳ್ಳಿ. ಹ್ಯಾಂಡ್ಲು ನೆಲಕ್ಕೆ ಸಮನಾಗಿದ್ದರೆ ಟಾರ್ಕ್ 100 ನ್ಯೂಟನ್ ಮೀಟರ್. ಅದು 30 ಡಿಗ್ರಿ ಮೇಲಕ್ಕೆದ್ದಿದ್ದರೆ?

ಸೂತ್ರ ಉರು ಹೊಡೆದವರು ಸೈನ್ 30 ಹಾಕಿ 50 ಅಂತಾರೆ. ತಪ್ಪು! ಆ 30 ಡಿಗ್ರಿ ಇರುವುದು ಹ್ಯಾಂಡ್ಲಿಗೂ ನೆಲದ ಮಟ್ಟಕ್ಕೂ ನಡುವೆ. ಹ್ಯಾಂಡ್ಲಿಗೂ ಬಲಕ್ಕೂ ನಡುವೆ ಇರುವುದು 60.

ಇದನ್ನು ಗೊಂದಲವಿಲ್ಲದೆ ತಿಳಿಯಲು ಒಂದೇ ದಾರಿ. ಬಲ ಹೋಗುವ ಗೆರೆಯನ್ನು ಎರಡೂ ಕಡೆಗೆ ಉದ್ದಕ್ಕೆ ಎಳೆಯಿರಿ. ತಿರುಗುವ ಬಿಂದುವಿನಿಂದ ಆ ಗೆರೆಗೆ ಲಂಬ ಹಾಕಿ. ಆ ಲಂಬದ ಉದ್ದವನ್ನು ಬಲದಿಂದ ಗುಣಿಸಿ, ಮುಗೀತು. ಇಲ್ಲಿ ಲಂಬದ ಉದ್ದ ಸುಮಾರು 0.87 ಮೀಟರ್, ಉತ್ತರ 87. ಸೈನೋ ಕಾಸೋ ಚಿತ್ರವೇ ಹೇಳುತ್ತದೆ.

"ಪರೀಕ್ಷೇಲಿ ಚಿತ್ರ ಬರೆಯೋಕೆ ಟೈಮೆಲ್ಲಿದೆ?" ಅಂತ ಕೆಲವರು ಕೇಳಬಹುದು. ಎರಡು ಗೆರೆಗೆ ಅರ್ಧ ನಿಮಿಷ ಸಾಕು. ಪ್ರಶ್ನೆ ತಿರುಗಿಸಿ ಕೇಳಿದಾಗ ಉಳಿಸೋದು ಆ ಗೆರೆಗಳೇ.

ಗುರುಗಳಲ್ಲಿ ಒಂದು ವಿನಂತಿ. ಒಂದು ಪೀರಿಯಡ್ ನಮ್ಮನ್ನು ದಾರ, ಸ್ಕೇಲು, ಕೋನಮಾಪಕದ ಜೊತೆ ಕೈಪಂಪಿನ ಹತ್ತಿರ ಕರೆದುಕೊಂಡು ಹೋಗಿ. ಹಾರೆ ಹಿಡಿಯುವ ಮನೆಯ ಮಕ್ಕಳು "ಈ ವಿಜ್ಞಾನ ನಮಗಲ್ಲ" ಅಂತ ಹಿಂದಿನ ಬೆಂಚಿಗೆ ಹೋಗ್ತಿದ್ದಾರೆ. ಅವರ ಅಪ್ಪ ಅಮ್ಮಂದಿರ ಕೈಗೆ ದಿನವೂ ಗೊತ್ತಿರುವುದೇ ಈ ಪಾಠ. ಅದನ್ನು ಅವರಿಗೆ ಮೊದಲು ಹೇಳಬೇಕು.

– ಹತ್ತನೇ ತರಗತಿಯ ವಿದ್ಯಾರ್ಥಿನಿ